ಹುನಮ್ ಗಂಡಸಾದ ಸಂಜೆ

ನಮ್ಮಕ್ಕನ ಹೆಸರು ಹುನಮ್. ನಮ್ಮ ಕೊರಿಯನ್ ಮಾತಿನಲ್ಲಿ ಹುನಮ್ ಎಂದರೆ ‘ಮುಂದಿನದು ಗಂಡಾಗಲಿ’ ಎಂದರ್ಥ. ನಾಲ್ಕನೆಯದೂ ಹೆಣ್ಣಾಯಿತೆಂದು ಅಪ್ಪ ಸಿಟ್ಟಿನಲ್ಲಿ ಇಟ್ಟ ಹೆಸರು. ಹೆಸರೇನೋ ಫಲ ಕೊಟ್ಟಿತು, ನಾನು ಹುಟ್ಟಿದೆ. ಅವಳಿಗೆ ಬೇರೆ ಹೆಸರಿಡಲು ಮಾತ್ರ ಯಾರಿಗೂ ಪುರುಸೊತ್ತಾಗಲಿಲ್ಲ. ಶಾಲೆಗೂ ಕಳಿಸಲಿಲ್ಲ, ನನ್ನನ್ನು ಅವಳ ಬೆನ್ನಿಗೆ ಕಟ್ಟಿ ಕೈತೊಳೆದುಕೊಂಡರು.

ಅರವತ್ತು ದಾಟಿದ ಮೇಲೆ ಊರಿನ ಸಭಾಮನೆಯಲ್ಲಿ ಕೂತು ಅಕ್ಷರ ಕಲಿತಳು, ಹಟಮಾರಿ. ಹಳೇ ಕಾಲದ ಹಳ್ಳಿ ಮಕ್ಕಳ ಸಾಹಸಗಳನ್ನು ಧಾರಾವಾಹಿ ಮಾಡುತ್ತಿದ್ದ ಟಿವಿಯವರು ನಿಜಕಥೆ ಕಳಿಸಿ ಎಂದಾಗ ತನ್ನದನ್ನು ತಾನೇ ಬರೆದಳು. ಹೆಪ್ಪುಗಟ್ಟಿದ ಹೊಳೆಯ ಮೇಲೆ, ಕಾಲ ಕೆಳಗೆ ಮಂಜುಗಡ್ಡೆ ಲಟಲಟ ಬಿರಿಯುತ್ತಿದ್ದರೂ, ನನ್ನನ್ನು ಹೊತ್ತು ಆಚೆ ಊರಿನ ಟೆಂಟ್ ಸಿನಿಮಾಕ್ಕೆ ಹೋದ ಕಥೆ. ಅವಳ ಬಾಲ್ಯದಲ್ಲಿ ಅವಳದು ಅಂತ ಇದ್ದದ್ದು ಆ ಒಂದೇ ದಿನ.

"ಜಡೆ ಹಾಕ್ಕೊಂಡು ಓಡ್ತಿರೋ ನನ್ನನ್ನ ಒಂದ್ಸಲ ನೋಡ್ಬೇಕು ಕಣೋ ಗಿಸೋಕ್," ಎನ್ನುತ್ತಿದ್ದಳು.

ಅವಳ ಕಥೆ ಪ್ರಸಾರವಾಗುವ ಸಂಜೆ ಊರೆಲ್ಲ ಸಭಾಮನೆಯ ಬೆಚ್ಚನೆಯ ನೆಲದ ಮೇಲೆ ಸುಟ್ಟ ಗೆಣಸು ತಿನ್ನುತ್ತ ಕೂತಿತ್ತು. ಟಿವಿಯಲ್ಲಿ ಯಾರೋ "ಹುನಮ್!" ಎಂದು ಕೂಗಿದರು. ಓಡಿ ಬಂದವನು ತಲೆ ಬೋಳಿಸಿಕೊಂಡ ಒಬ್ಬ ಪೋರ! ಅವನ ಬೆನ್ನ ಮೇಲೆ ಜಡೆಯ ತಂಗಿ, "ಅಣ್ಣಾ, ಭಯ!" ಎಂದು ಗೊಳೋ ಅಳುತ್ತಿದ್ದಾಳೆ.

ಥೂ, ಇವರ! ಇಂಥ ಹೆಸರಿನ ಮುದುಕಿಯರು ನಮ್ಮೂರಲ್ಲೇ ಮೂವರಿದ್ದಾರೆ. ಸಿಯೋಲ್‌ನಲ್ಲಿ ಕೂತು ಬರೆಯುವ ಮಕ್ಕಳಿಗೆ ಅದೆಲ್ಲಿ ಗೊತ್ತು? ಹೆಸರಲ್ಲಿ ಗಂಡು ಕಂಡಿತು, ಗಂಡೇ ಮಾಡಿಬಿಟ್ಟರು.

"ಹುಡುಗಿ ಹೊಳೆ ದಾಟೋದುಂಟಾ? ನಂಗೆ ಮೊದಲೇ ಅನುಮಾನ ಇತ್ತು," ಎಂದ ಊರ ಮುಖಂಡ ಮಾ. "ದಾಟಿದ್ದು ನಮ್ ಗಿಸೋಕ್! ಭಾರಿ ಹುಲಿ ಕಣಯ್ಯ ನೀನು!"

ನನಗೆ ಮೈಯೆಲ್ಲ ಉರಿಯಿತು, ಎದ್ದು ನಿಂತೆ.

"ಹೊತ್ತಿದ್ದು ಅವಳು ಕಣ್ರೋ! ಅವಳ ಬೆನ್ನ ಮೇಲೆ ಅತ್ತು, ಉಚ್ಚೆ ಹೊಯ್ಕೊಂಡೋನು ನಾನು!"

ಮಾ ಕಣ್ಣೊರೆಸಿಕೊಂಡ.

"ನೋಡ್ರಪ್ಪಾ, ಅಕ್ಕನ ಮಾನ ಉಳಿಸೋಕೆ ತಪ್ಪೆಲ್ಲ ತನ್ನ ಮೇಲೆ ಹಾಕ್ಕೊಳ್ತಿದಾನೆ. ಗಂಡಸು ಅಂದ್ರೆ ಹೀಗಿರ್ಬೇಕು!"

ಸಭಾಮನೆ ತುಂಬ ಚಪ್ಪಾಳೆ. ಬೇಡ್ರೋ ಎಂದು ನಾನು ಕೈ ಆಡಿಸಿದಷ್ಟೂ ಜಾಸ್ತಿಯಾಯಿತು.

ಅಕ್ಕ ಗೆಣಸಿನ ಸಿಪ್ಪೆ ಸುಲಿದು ನನ್ನ ಕೈಗಿಟ್ಟಳು.

"ಕೂತ್ಕೊಂಡು ತಿನ್ನು," ಎಂದಳು. "ಉಚ್ಚೆ ಹೊಯ್ದಿದ್ದಕ್ಕೂ ಚಪ್ಪಾಳೆ ನಿಂಗೇನೇ."