ಹುಲಿಗೆಮ್ಮನಿಗೆ ಮೇಸ್ತ್ರಿ ಕೂಲಿ

1951ನೇ ಇಸವಿ. ನಮ್ಮ ಬಳ್ಳಾರಿ ಇನ್ನೂ ಮದ್ರಾಸಿಗೇ ಸೇರಿತ್ತು. ಕುರುಗೋಡಿನವನಾದ ನಾನು ಬಳ್ಳಾರಿಯ ಹಿರಿಯ ಮೇಸ್ತ್ರಿಯೊಬ್ಬರ ಕೈಕೆಳಗೆ ಸುಣ್ಣದ ಗಾರೆ ನೆಲ ಹಾಕುವುದನ್ನು ಕಲಿತು, ಆ ವರ್ಷ ಮೊದಲ ಸಲ ಸ್ವಂತ ಕೆಲಸ ಹಿಡಿದಿದ್ದೆ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಕುದಿಸಿದ ಭತ್ತ ಒಣಗಿಸಲು ದೊಡ್ಡ ಗಾರೆ ಕಣ ಮಾಡಿಸುತ್ತಿದ್ದರು. ನನಗೆ ದಿನಕ್ಕೆ ಎರಡೂವರೆ ರೂಪಾಯಿ, ಗಾರೆ ಬಡಿಯುವ ಹೆಣ್ಣಾಳುಗಳಿಗೆ ಹನ್ನೆರಡಾಣೆ. ಆ ಹೆಣ್ಣಾಳುಗಳಲ್ಲಿ ನನ್ನ ಹೆಂಡತಿ ಹುಲಿಗೆಮ್ಮನೂ ಒಬ್ಬಳು. ಎಲ್ಲ ಕಡೆ ಅದೇ ರೂಢಿ, ನನಗೂ ಅದು ತಪ್ಪೆನಿಸಿರಲಿಲ್ಲ.

ಜನ ‘ಮೇಸ್ತ್ರಿ’ ಎಂದು ಕರೆಯತೊಡಗಿದ್ದೇ ತಡ, ನೆಲ ಹಾಕುವವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆದರೆ ಸಾಹುಕಾರರ ಕರಾರು ಕಠಿಣವಾಗಿತ್ತು. ಕೆಲಸ ಮುಗಿದ ಮೇಲೆ ಕಣಕ್ಕೆ ನೀರು ಸುರಿದು ನೋಡುತ್ತಾರೆ. ನೀರು ಮೋರಿಯ ಕಡೆ ಹರಿಯದೆ ಎಲ್ಲಾದರೂ ನಿಂತರೆ ಭತ್ತ ಕೊಳೆಯುತ್ತದೆ, ಆಗ ಕಣ ಕಿತ್ತು ನನ್ನ ಖರ್ಚಿನಲ್ಲೇ ಹೊಸದಾಗಿ ಹಾಕಿಕೊಡಬೇಕು.

ಗಾರೆ ಹರವಿದ ಮರುದಿನ ಹೆಂಗಸರು ಸಾಲಾಗಿ ಕೂತು, ಮರದ ಕೊಡತಿಗಳಿಂದ ಬಡಿಯುತ್ತ ಹಿಂದಕ್ಕೆ ಸರಿಯುತ್ತಿದ್ದರು. ಕಣದ ನಡುವೆ ಬಂದಾಗ ಹುಲಿಗೆಮ್ಮ ಕೈ ನಿಲ್ಲಿಸಿದಳು.

“ನೋಡ್ರಿ ಇಲ್ಲಿ, ತಗ್ಗು ಬಿದ್ದೈತಿ. ಕೈಗೆ ತಿಳಿಯಾಕತ್ತೈತಿ.”

“ದಾರ ಕಟ್ಟಿ ಮಟ್ಟ ನೋಡೇ ಹಾಕೀನಿ. ನಿನಗೇನ್ ಗೊತ್ತು? ಸುಮ್ನ ಬಡಿ!” ಎಂದು ಎಲ್ಲರೆದುರು ರೇಗಿದೆ. ಮೊದಲೇ ನಾನು ಮುಂಗೋಪಿ.

ಅವಳು ಜಗ್ಗಲಿಲ್ಲ. “ಆ ದಾರಾನ ಒಮ್ಮೆ ಬಗ್ಗಿ ನೋಡ್ರಿ.”

ಬಗ್ಗಿ ನೋಡಿದೆ. ಸುಣ್ಣದ ನೀರು ಕುಡಿದು ಭಾರವಾದ ನೂಲಿನ ದಾರ ನಟ್ಟನಡುವೆ ಜೋತು ಬಿದ್ದಿತ್ತು. ಅಷ್ಟುದ್ದದ ಕಣಕ್ಕೆ ಮಧ್ಯೆ ಗೂಟ ನೆಡದೆ ಒಂದೇ ದಾರ ಎಳೆದಿದ್ದೆ. ಆ ಜೋಲಿಗೆ ಸರಿಯಾಗಿಯೇ ಗಾರೆಯೂ ತಗ್ಗಿತ್ತು. ಗಾರೆ ಬಿಗಿದುಕೊಂಡರೆ ಮುಗಿಯಿತು ಕಥೆ. ಕೂಡಲೇ ಮೇಲ್ಪದರ ಕೆದರಿ, ಹಳೆಯದಕ್ಕೆ ಹೊಸದು ಅಂಟಲೆಂದು ಬೆಲ್ಲದ ನೀರು ಚಿಮುಕಿಸಿ, ಹೊಸ ಗಾರೆ ತುಂಬಿದೆವು. ಎಲ್ಲಿ ಎಷ್ಟು ಬೇಕೆಂದು ಹುಲಿಗೆಮ್ಮ ಅಂಗೈಯಿಂದ ಸವರಿ ಸವರಿ ಹೇಳಿದಳು. ನಾನು ಗಾರೆಯ ಬುಟ್ಟಿ ಹೊತ್ತೆ.

ಕೆಲಸ ಮುಗಿದ ದಿನ ಆಳುಗಳು ಕೊಡಗಟ್ಟಲೆ ನೀರು ಸುರಿದರು. ನೀರು ನಡುವಿಗೆ ಬಂತು. ಅದು ನಿಲ್ಲಲಿಲ್ಲ, ಸೀದಾ ಮೋರಿಗೆ ಹರಿಯಿತು. ಸಾಹುಕಾರರು “ಭೇಷ್ ಮೇಸ್ತ್ರಿ!” ಎಂದು ಬೆನ್ನು ತಟ್ಟಿದರು.

ಸುಮ್ಮನಿದ್ದಿದ್ದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಬಾಯಿ ಬಿಟ್ಟರೆ ಮೊದಲ ಕೆಲಸದಲ್ಲೇ ಹೆಸರು ಕೆಡುತ್ತದೆ. ಆದರೆ ಅತ್ತ ಗೋಡೆಯ ಬದಿಯಲ್ಲಿ ಹುಲಿಗೆಮ್ಮ ಕೊಡತಿ ತೊಳೆಯುತ್ತಿದ್ದಳು. ಅವಳನ್ನು ನೋಡಿ ತಡೆಯಲಾಗಲಿಲ್ಲ.

“ಭೇಷ್ ಅನ್ನೋದಿದ್ರ ಆಕಿಗೆ ಅನ್ರಿ ಸಾಹುಕಾರ್ರ. ನಾ ನಡುವ ತಗ್ಗು ಹಾಕಿದ್ದೆ. ಕಣ ಉಳಿಸಿದಾಕಿ ಆಕಿ. ಆಕಿಗೂ ಮೇಸ್ತ್ರಿ ಕೂಲಿ ಕೊಡ್ರಿ.”

“ಹೆಣ್ಣಾಳಿಗೆ ಎರಡೂವರಿ ರೂಪಾಯಿ? ಈ ಊರಾಗ ಯಾರಾರ ಕೊಟ್ಟಾರೇನೋ?”

“ಹಂಗಾದ್ರ ನನ್ನ ಕೂಲಿ ಆಕಿಗೆ ಕೊಡ್ರಿ. ನನಗ ಹನ್ನೆರಡಾಣಿ ಸಾಕು.”

ಸಾಹುಕಾರರು ನನ್ನ ಮುಖ ನೋಡಿದರು, ಒದ್ದೆ ಕಣವನ್ನು ನೋಡಿದರು. ಕೊನೆಗೆ ಗುಮಾಸ್ತರನ್ನು ಕರೆದು ಇಬ್ಬರಿಗೂ ಎರಡೂವರೆಯಂತೆ ಬಟವಾಡೆ ಮಾಡಿಸಿದರು. ಹುಲಿಗೆಮ್ಮ ದುಡ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಮನೆಯ ದಾರಿಯಲ್ಲಿ ಅವಳು ಹೇಳಿದ್ದು ಇಷ್ಟೇ: “ಎಲ್ಲಾರ ಮುಂದ ಬೈದಿದ್ರಿ, ಎಲ್ಲಾರ ಮುಂದ ಒಪ್ಪಿಕೊಂಡ್ರಿ. ಸರಿಹೋತು ಬಿಡ್ರಿ.”

ಕೆಲವು ತಿಂಗಳ ನಂತರ ತೆಕ್ಕಲಕೋಟೆಯವರೊಬ್ಬರು ಸೈಕಲ್ ತುಳಿದುಕೊಂಡು ಕುರುಗೋಡಿನ ನಮ್ಮ ಮನೆಗೆ ಬಂದರು. “ಗಾರೆ ಮೇಸ್ತ್ರಿ ಅದಾರೇನ್ರಿ?” ಎಂದರು. ನಾನು ರುಮಾಲು ಸರಿಮಾಡಿಕೊಂಡು “ನಾನ ರೀ” ಎಂದು ಎದ್ದೆ.

“ನೀವಲ್ರಿ. ಹೆಣ್ಮಗಳು ಅಂತ ಹೇಳ್ಯಾರ ಸಿರುಗುಪ್ಪದ ಸಾಹುಕಾರ್ರು.”

ನನಗೆ ಸಿಟ್ಟು ಬರಬೇಕಿತ್ತು. ಆದರೆ ಎದೆ ಉಬ್ಬಿಬಂತು. ಒಳಗೆ ರೊಟ್ಟಿ ತಟ್ಟುತ್ತಿದ್ದವಳನ್ನು ಕೂಗಿದೆ: “ಮೇಸ್ತ್ರಿಯವರ, ಹೊರಗ ಬರ್ರಿ. ನಿಮ್ಮನ್ನ ಕೇಳಿಕೊಂಡು ಬಂದಾರ.”

ಹೆಂಡತಿಗೆ ನಾನು ಬಹುವಚನ ಹಾಕಿದ್ದು ಅದೇ ಮೊದಲು. ಈಗ ನೆನೆದರೂ ಹೆಮ್ಮೆಯಾಗುತ್ತದೆ. ಅಷ್ಟು ತಡ ಮಾಡಿದೆನಲ್ಲ ಎಂಬ ನಾಚಿಕೆಯೂ ಜೊತೆಗಿದೆ.