ನಾನು ನೋಡದ ಊರಿನ ಚಳಿ

೧೯೪೪ರ ಜನವರಿಯಲ್ಲಿ, ಚನ್ನರಾಯಪಟ್ಟಣದ ಒಂದು ತೆಂಗಿನಕಾಯಿ ಮಂಡಿಯಲ್ಲಿ, ಇಟಲಿಯಲ್ಲಿ ಚಳಿ ಹೇಗಿರುತ್ತದೆ ಎಂದು ಒಬ್ಬ ಹೆಂಗಸು ನನ್ನನ್ನು ಕೇಳಿದಳು. ನಾನು ಉತ್ತರ ಕೊಟ್ಟೆ. ಇಟಲಿಯನ್ನು ನಾನು ನೋಡಿರಲಿಲ್ಲ. ಈಗಲೂ ನೋಡಿಲ್ಲ.

ಆಕೆ ನನ್ನನ್ನೇ ಕೇಳಿದ್ದಕ್ಕೆ ಕಾರಣವಿತ್ತು. ೧೯೩೭ರಲ್ಲಿ ನಾನು ಬೆಂಗಳೂರಿನ ಒಂದು ವಾರಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಇಟಲಿಯ ಹೆಸರು ಆಗ ಸುದ್ದಿಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಅಲ್ಲಿನ ಊರುಗಳ ಮೇಲೆ ಏನಾದರೂ ಬೇಕೆಂದು ಸಂಪಾದಕರು ಹೇಳಿದರು. ಕಚೇರಿಯಲ್ಲಿ ಹಳೆಯ ಇಂಗ್ಲಿಷ್ ಮಾಸಪತ್ರಿಕೆಗಳ ಒಂದು ಕಟ್ಟು ಇತ್ತು. ಅದನ್ನು ಬಿಚ್ಚಿಕೊಂಡು ರೋಮ್, ಫ್ಲಾರೆನ್ಸ್, ನೇಪಲ್ಸ್ ಕುರಿತು ಮೂರು ಲೇಖನ ಬರೆದೆ. ‘ನಮ್ಮ ಪ್ರವಾಸಿಯಿಂದ’ ಎಂಬ ಸಾಲಿನೊಂದಿಗೆ ಅಚ್ಚಾದವು. ಹೀಗೆ ಕೂತಲ್ಲೇ ಪ್ರವಾಸ ಬರೆಯುವುದು ನಮ್ಮ ಕಚೇರಿಯಲ್ಲಿ ರೂಢಿಯಾಗಿತ್ತು. ಓದುಗರು ಇನ್ನಷ್ಟು ಬೇಕೆಂದು ಕಾಗದ ಬರೆದರು. ‘ಹಾಗಾದರೆ ಚಳಿಗಾಲದಲ್ಲಿ ಇನ್ನೊಂದು ಸಲ ಹೋಗಿ ಬನ್ನಿ’ ಎಂದು ಸಂಪಾದಕರು ನಕ್ಕರು. ಕುರ್ಚಿ ಬಿಟ್ಟೇಳದೆ ಹೋಗಿ ಬಂದೆ.

ಎರಡನೆಯ ಮಾಲೆಗೆ ‘ಪ್ರಿಯವಾದ ಊರುಗಳಿಗೆ ಮರಳಿ ಬಂದಿದ್ದೇನೆ’ ಎಂಬುದು ಮೊದಲ ವಾಕ್ಯ. ಮಾಸಪತ್ರಿಕೆಗಳಲ್ಲಿ ಗೋಪುರ, ಚಿತ್ರಶಾಲೆ, ಸೇತುವೆ ಎಲ್ಲ ಇದ್ದವು, ಚಳಿ ಇರಲಿಲ್ಲ. ಚಳಿಯನ್ನು ನಾನು ನಮ್ಮ ಹಾಸನ ಜಿಲ್ಲೆಯಿಂದ ತಂದೆ. ಫ್ಲಾರೆನ್ಸಿನ ನದಿಯ ಮೇಲೆ ಹಬ್ಬಿಸಿದ್ದು ಹೊಳೆನರಸೀಪುರದಲ್ಲಿ ಹೇಮಾವತಿಯ ಮೇಲೆ ಚಿಕ್ಕಂದಿನಿಂದ ನೋಡಿದ ಮಂಜನ್ನು. ರೋಮಿನ ಬೀದಿಯಲ್ಲಿ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತ ಮುದುಕರು ಅರಕಲಗೂಡಿನವರು. ನೇಪಲ್ಸಿನ ಚಳಿ ಹಾಸನದ್ದು. ‘ಒಂದು ಶಾಲು ಹೊದ್ದರೆ ಸಾಕು’ ಎಂದು ಬರೆದಿದ್ದೆ. ಆ ಪ್ರವಾಸಿ ನಾನೇ ಎಂದು ಒಂದು ಮದುವೆಯ ಮನೆಯಲ್ಲಿ ಹೇಳಿಕೊಂಡೂ ಇದ್ದೆ. ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಕೂತಿದ್ದವರು ಚನ್ನರಾಯಪಟ್ಟಣದ ಈ ಮಂಡಿಯ ಯಜಮಾನರು.

೧೯೪೪ರ ಆ ಪ್ರವಾಸ ನಿಜವಾದದ್ದು. ಯುದ್ಧಕಾಲದಲ್ಲಿ ತಾಲ್ಲೂಕುಗಳು ಹೇಗಿವೆ ಎಂದು ನೋಡಿ ಬರೆಯಲು ಹೊರಟಿದ್ದೆ. ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು ಚನ್ನರಾಯಪಟ್ಟಣದಲ್ಲಿ ನಿಂತಿತು. ಒಲೆ ಕೆದಕಿ ಮತ್ತೆ ಹೊರಡಲು ಒಂದು ಗಂಟೆಯಾಗುತ್ತದೆ ಎಂದರು. ಮಂಡಿಯ ಯಜಮಾನರು ನನ್ನ ಗುರುತು ಹಿಡಿದು ಒಳಗೆ ಕರೆದರು.

“ಇಟ್ಲಿಗೆ ಎಲ್ಡು ಕಿತ ಓಗ್ಬಂದೋರು ಇವ್ರೇ ಕಣ್ರಪ್ಪ,” ಎಂದು ಕಾಯಿ ಸುಲಿಯುತ್ತಿದ್ದವರಿಗೆ ತೋರಿಸಿದರು. ಆ ಮಂಡಿಯಲ್ಲಿ ವಾರಕ್ಕೊಮ್ಮೆ ಯಜಮಾನರು ನಮ್ಮ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಉಳಿದವರು ಕೆಲಸ ಮಾಡುತ್ತಲೇ ಕೇಳುವುದು ಪದ್ಧತಿ.

“ಅಲ್ಲಿ ಮುದ್ದೆ ಸಿಕ್ತದಾ ಸಾ?” ಎಂದ ಒಬ್ಬ.

“ಸಿಕ್ಕಿದ್ರೆ ಇಲ್ಲಿಗ್ಯಾಕ್ ವಾಪಸ್ ಬತ್ತಿದ್ರು, ಸುಮ್ಕಿರ್ಲಾ,” ಎಂದ ಇನ್ನೊಬ್ಬ.

ಕೊಬ್ಬರಿ ಆರಿಸುತ್ತಿದ್ದ ಹೆಂಗಸು ಎದ್ದು ಬಂದದ್ದು ಆಗ. ಆಕೆಯ ತಮ್ಮ ಅದೇ ಮಂಡಿಯ ಲಾರಿ ಓಡಿಸುತ್ತಿದ್ದವನು, ಪಟ್ಟಾಳದಲ್ಲಿ ಲಾರಿ ಡ್ರೈವರಾಗಿ ಸೇರಿದ್ದ. ಪಟ್ಟಾಳದ ನಿಯಮದಂತೆ ಕಾಗದದಲ್ಲಿ ಎಲ್ಲಿದ್ದೇನೆಂದು ಬರೆಯುವಂತಿರಲಿಲ್ಲ. ‘ಮಂಡಿಯಲ್ಲಿ ಓದಿದ್ದರಲ್ಲ, ಹೊಗೆ ಬಿಡುವ ಬೆಟ್ಟದ ಊರು, ಅಲ್ಲಿಗೆ ಬಂದಿದ್ದೇನೆ’ ಎಂದು ಬರೆದಿದ್ದ. ಅದು ನೇಪಲ್ಸ್ ಎಂದು ಯಜಮಾನರು ನನ್ನ ಲೇಖನ ತೆಗೆದು ತೋರಿಸಿದ್ದರು.

“ಒಂದು ಗಂಟು ಕಳಿಸ್ಬೇಕು ಸಾ. ಕುರಿ ಕಂಬ್ಳಿ ಒಂದೈತೆ, ದುದ್ದದ ಊರ್ನಾಗೆ ನೇಯ್ಸಿದ್ದು. ಅದ್ನ ಇಟ್ರೆ ಉರಿಹಿಟ್ಟು, ಕೊಬ್ರಿ ಮಿಠಾಯಿ ಇಡಿಯಕಿಲ್ಲ, ತೂಕ ಜಾಸ್ತಿ ಆಯ್ತದೆ ಅಂತಾರೆ ಪೋಸ್ಟಿನೋರು. ಅಲ್ಲಿ ಚಳಿ ಎಂಗೈತೆ ಏಳಿ.”

ಮಂಡಿಯವರೆಲ್ಲ ಕೈ ನಿಲ್ಲಿಸಿದ್ದರು. ನಾನು ಹೋಗಿಲ್ಲ ಎನ್ನಲು ಎರಡು ಪದ ಸಾಕಿತ್ತು.

“ನಮ್ಮ ಹಾಸನದ ಚಳಿಯಷ್ಟೇ ತಾಯಿ,” ಎಂದೆ.

“ಅಂಗಾರೆ ಕಂಬ್ಳಿ ಬ್ಯಾಡ?”

“ಬೇಡ. ತಿಂಡಿಯನ್ನೇ ಕಳಿಸಿ.”

“ಬದುಕ್ದೆ ಬಿಡಿ ಸಾ. ಅವನ್ಗೆ ಮಿಠಾಯಿ ಅಂದ್ರೆ ಪ್ರಾಣ,” ಎಂದಳು.

ಹಾಸನದಲ್ಲಿ ಎರಡು ದಿನವಿದ್ದು, ರೈಲಿನಲ್ಲಿ ಹೊಳೆನರಸೀಪುರಕ್ಕೆ ಹೋದೆ. ಬೆಳಿಗ್ಗೆ ಹೊಳೆಯ ದಂಡೆಗೆ ನಡೆದೆ. ನೀರಿನ ಮೇಲೆ ಮಂಜಿತ್ತು. ಅಗಸರು ಬಟ್ಟೆ ಒಗೆಯುವ ಸದ್ದು ಮಾತ್ರ ಕೇಳುತ್ತಿತ್ತು, ಜನ ಕಾಣುತ್ತಿರಲಿಲ್ಲ. ಈ ವಾಕ್ಯವನ್ನು ನಾನು ಹಿಂದೆಯೇ ಬರೆದಿದ್ದೇನೆ, ಫ್ಲಾರೆನ್ಸಿನ ಹೆಸರಿನಲ್ಲಿ. ಮೈಮೇಲೆ ಒಂದು ಶಾಲಿತ್ತು. ಅದು ಸಾಕಾಗಿತ್ತು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಅರಕಲಗೂಡಿನ ವಾಚನಾಲಯದಲ್ಲಿ ಮೂರು ದಿನದ ಹಿಂದಿನ ಇಂಗ್ಲಿಷ್ ದಿನಪತ್ರಿಕೆ ಸಿಕ್ಕಿತು. ಇಟಲಿಯ ಬೆಟ್ಟಗಳಲ್ಲಿ ಹಿಮ ಬಿದ್ದಿದೆ, ಲಾರಿಗಳು ಕೆಸರಿನಲ್ಲಿ ಹೂತಿವೆ, ಸೈನಿಕರ ಪಾದಗಳು ಶೀತಕ್ಕೆ ಕೆಡುತ್ತಿವೆ ಎಂದು ಯುದ್ಧ ಬಾತ್ಮೀದಾರನೊಬ್ಬ ಬರೆದಿದ್ದ. ಅವನು ಅಲ್ಲೇ ಇದ್ದು ಬರೆದಿದ್ದ. ನಾನು ಇಟಲಿಗೆ ಹೋಗಿಲ್ಲ, ಕಂಬಳಿ ಕಳಿಸಿ ಎಂದು ಆಕೆಗೆ ಒಂದು ಕಾರ್ಡು ಬರೆದೆ. ಕಾರ್ಡನ್ನು ಮಂಡಿಯಲ್ಲಿ ಯಜಮಾನರೇ ಗಟ್ಟಿಯಾಗಿ ಓದುತ್ತಾರೆ ಎಂಬುದು ನೆನಪಾಗಿ ಹರಿದುಹಾಕಿದೆ. ಮಾರನೆಯ ದಿನ ಉಳಿದ ಕೆಲಸ ಬಿಟ್ಟು ಚನ್ನರಾಯಪಟ್ಟಣಕ್ಕೆ ಹಿಂದಿರುಗಿದೆ.

ಗಂಟು ಹಿಂದಿನ ದಿನ ಹೋಗಿತ್ತು.

“ಕಂಬಳಿಯನ್ನೂ ಬೇರೆಯಾಗಿ ಕಳಿಸಿ,” ಎಂದೆ.

“ಯಾಕ್ ಸಾ, ಬ್ಯಾಡ ಅಂದ್ರಲ್ಲ?”

“ಈ ವರ್ಷ ಅಲ್ಲಿ ಚಳಿ ಹೆಚ್ಚಂತೆ. ಪೇಪರಿನಲ್ಲಿ ಬಂದಿದೆ.”

“ಮಗ್ಳು ಬಾಣಂತಿ ಸಾ. ಅವ್ಳಿಗೆ ಒದ್ಸಿಬುಟ್ಟೆ. ಬಾಣಂತಿ ಮ್ಯಾಲಿನ ಕಂಬ್ಳಿ ಕಿತ್ಕೊಳಕ್ಕಾಯ್ತದಾ? ಓಗ್ಲಿ ಬಿಡಿ. ಎಲ್ಡು ಚಳಿಗಾಲ ಕಂಡೋರು ನೀವು, ನಿಮ್ಗಿಂತ ಪೇಪರ್ ದೊಡ್ದಾ?”

ಸಂತೆಯಲ್ಲಿ ಇನ್ನೊಂದು ಕಂಬಳಿ ಕೊಂಡು ತಂದುಕೊಡಬಹುದಿತ್ತು. ಕೊಟ್ಟರೆ ಯಾಕೆಂದು ಹೇಳಬೇಕಾಗುತ್ತಿತ್ತು. ನಾನು ಬೆಂಗಳೂರಿನ ಬಸ್ಸು ಹತ್ತಿದೆ.

ಮತ್ತೆ ಆ ಮಂಡಿಗೆ ಹೋದದ್ದು ೧೯೪೬ರ ಡಿಸೆಂಬರಿನಲ್ಲಿ. ಆಕೆಯ ತಮ್ಮ ಹಿಂದಿರುಗಿದ್ದ. ನನ್ನನ್ನು ಕಂಡು ಎದ್ದು ನಿಂತ. ನಿಲ್ಲುವಾಗ ಕಂಬ ಹಿಡಿದುಕೊಂಡ. ಎಡಗಾಲಿನ ಮೂರು ಬೆರಳಿರಲಿಲ್ಲ. ೧೯೪೪ರ ಮಾರ್ಚಿನಲ್ಲಿ, ಬೆಟ್ಟದ ದಾರಿಯಲ್ಲಿ ಲಾರಿ ಹೂತು ಎರಡು ರಾತ್ರಿ ಅದರಲ್ಲೇ ಮಲಗಿದಾಗ ಹೋದವು ಎಂದ. ಕಂಬಳಿ ಇದ್ದಿದ್ದರೆ ಉಳಿಯುತ್ತಿದ್ದವೇ ಎಂದು ನಾನು ಹೇಳಲಾರೆ. ಗಂಟು ಮಾತ್ರ ಆ ತಿಂಗಳ ಮೊದಲಲ್ಲೇ ಅವನಿಗೆ ತಲುಪಿತ್ತು.

“ಮಿಠಾಯಿ ಎಲ್ರಿಗೂ ಅಂಚ್ದೆ ಸಾ,” ಎಂದ. “ಒಗೆ ಬೆಟ್ಟ ನೀವ್ ಬರ್ದಂಗೇ ಇತ್ತು. ಚಳಿ ಒಂದೇ ಬ್ಯಾರೆ. ನೀವು ಓಗಿದ್ದಾಗ ಕಮ್ಮಿ ಇತ್ತೇನೋ.”

“ಇರಬಹುದು,” ಎಂದೆ.

ಆ ಲೇಖನಮಾಲೆಗೆ ತಿದ್ದುಪಡಿ ಪ್ರಕಟವಾಗಲಿಲ್ಲ. ಪತ್ರಿಕೆ ೧೯೪೮ರಲ್ಲಿ ನಿಂತಿತು. ಆಕೆಯ ತಮ್ಮ ಈಗ ಅದೇ ಮಂಡಿಯಲ್ಲಿ ಕೂತು ಗೋಣಿಚೀಲ ಹೊಲಿಯುತ್ತಾನೆ. ಎಡಗಾಲಿನಲ್ಲಿ ಕ್ಲಚ್ ಒತ್ತಲಾಗದ್ದರಿಂದ ಲಾರಿ ಓಡಿಸುವುದಿಲ್ಲ.