ಕರೆಂಟು ಹೋದ ಆ ಒಂದು ನಿಮಿಷ

ನನ್ನ ಅಕ್ಕ ಲೀಲಾ ಯಂತ್ರಗಳಿಗೆ ಜ್ವರ ನೋಡುತ್ತಿದ್ದಳು. ಸುಳ್ಯದಲ್ಲಿ ಯಾರ ಮನೆಗೆ ಇನ್ವರ್ಟರ್ ರಿಪೇರಿಗೆ ಹೋದರೂ ಮೊದಲು ಸ್ಕ್ರೂ ಬಿಚ್ಚುವವಳಲ್ಲ. ಮಗುವಿನ ಹಣೆ ಮುಟ್ಟುವ ಹಾಗೆ ಹಿಂಗೈಯನ್ನು ಅದರ ಬೆನ್ನಿಗೆ ಇಟ್ಟು, ಕಣ್ಣು ಮುಚ್ಚಿ ನಿಲ್ಲುವಳು. ಆಮೇಲೆ, "ಇದಕ್ಕೆ ಉಸಿರು ಕಟ್ಟಿದ್ದು ಮಾರಾಯ್ರೆ. ಗೋಡೆಗೆ ತಾಗಿಸಿ ಇಟ್ಟದ್ದು ಯಾರು?" ಎಂದು ಕೇಳುವಳು. ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಈ ಅಭ್ಯಾಸ ಅವಳಿಗೆ ಅಂಟಿದ್ದು ಕಡಬದ ನಮ್ಮ ಮನೆಯಲ್ಲಿ, ಒಂದು ಟಿವಿ ಗೇಮಿನಿಂದ. ಆಗ ನಾವಿಬ್ಬರೂ ಬೀಡಿ ಕಟ್ಟುತ್ತಿದ್ದೆವು. ಅವಳು ಒಂಬತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ನಾನು ಏಳಕ್ಕೆ. ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಊರಿಗೆ ಬರುವಾಗ ಒಂದು ಹಳೆಯ ಕಪ್ಪು ಬಿಳುಪು ಟಿವಿಯನ್ನೂ ಒಂದು ಬೂದು ಬಣ್ಣದ ಪೆಟ್ಟಿಗೆಯನ್ನೂ ತಂದ. ಪೆಟ್ಟಿಗೆಯ ಮೇಲೆ ಕ್ಯಾಸೆಟ್ ಸಿಕ್ಕಿಸಿದರೆ ಟಿವಿಯಲ್ಲಿ ಒಂದು ಪುಟ್ಟ ಆಳು ಓಡುತ್ತಿದ್ದ. ಹೊಂಡ ಹಾರಿ, ಬೆಂಕಿ ತಪ್ಪಿಸಿ, ಕೋಟೆಯಿಂದ ಕೋಟೆಗೆ ಹೋಗುತ್ತಿದ್ದ. ಮಾವನ ಕೈಯಲ್ಲಿ ಅವನು ಮೊದಲ ಹೊಂಡಕ್ಕೇ ಬಿದ್ದ. ಅಕ್ಕನ ಬೆರಳುಗಳು ಬೀಡಿಯ ಎಲೆ ಸುರುಟಿ, ತುದಿ ಮಡಚಿ, ನೂಲು ಸುತ್ತುವ ವೇಗದಲ್ಲೇ ಆ ಗುಂಡಿಗಳ ಮೇಲೆ ಓಡಿದವು. ಅವಳು ಕೈಯನ್ನು ನೋಡುತ್ತಲೇ ಇರಲಿಲ್ಲ. ನಾನು ನನ್ನ ಮೊರದ ಕೆಲಸ ಮರೆತು ಬಾಯಿ ಬಿಟ್ಟು ಕೂತಿದ್ದೆ.

ಅದು ಜಪಾನಿನ ಒಂದು ಯಂತ್ರದ ನಕಲು, ಜಗತ್ತಿನ ಅರ್ಧ ಮಕ್ಕಳನ್ನು ಟಿವಿಯ ಮುಂದೆ ಕೂರಿಸಿದ್ದೇ ಆ ಅಸಲಿ ಯಂತ್ರ ಎಂದು ನನ್ನ ಮಗಳು ಕೆಲವು ವರ್ಷಗಳ ಹಿಂದೆ ಮೊಬೈಲಿನಲ್ಲಿ ತೋರಿಸಿದಳು. ಅಕ್ಕ ಚಿತ್ರವನ್ನು ಹಿಗ್ಗಿಸಿ ನೋಡಿ, "ಪೆಟ್ಟಿಗೆ ನಕಲಾದರೆ ಎಂತ? ನಾನು ಆಡಿದ್ದು ಅಸಲಿಯೇ" ಅಂದಳು.

ಆ ಪೆಟ್ಟಿಗೆಗೆ ನೆನಪಿನ ಶಕ್ತಿ ಇರಲಿಲ್ಲ. ಈಗಿನ ಆಟಗಳ ಹಾಗೆ ನಿಲ್ಲಿಸಿದಲ್ಲಿಂದ ಮುಂದುವರಿಸುವ ಹಾಗಿಲ್ಲ. ಸ್ವಿಚ್ ಆರಿತೋ, ಮತ್ತೆ ಮೊದಲ ಹೊಂಡದಿಂದಲೇ. ಅಕ್ಕನಿಗೆ ಆಡಲು ಸಿಗುತ್ತಿದ್ದದ್ದು ಮಧ್ಯಾಹ್ನ ಊಟ ಆದ ಮೇಲಿನ ಒಂದು ಗಂಟೆ. ಹಾಗಾಗಿ ಆಟವನ್ನು ತಡೆದು ನಿಲ್ಲಿಸಿ, ಟಿವಿ ಮಾತ್ರ ಆರಿಸಿ, ಪೆಟ್ಟಿಗೆಯನ್ನು ರಾತ್ರಿ ಹಗಲು ಉರಿಯಲು ಬಿಡುತ್ತಿದ್ದಳು. ಅದರ ಅಡಿಯಲ್ಲಿ ಗಾಳಿ ಆಡಲೆಂದು ನಾಲ್ಕು ತೆಂಗಿನ ಗೆರಟೆ ಇಟ್ಟಿದ್ದಳು. ಬೀಡಿ ಕಟ್ಟುತ್ತಾ ನಡುನಡುವೆ ಎದ್ದುಹೋಗಿ ಹಿಂಗೈಯಲ್ಲಿ ಅದರ ಬಿಸಿ ನೋಡಿ ಬರುವಳು.

ಒಮ್ಮೆ ಹೀಗೆ ಮೂರು ದಿನ ಆಗಿತ್ತು. ಕೊನೆಯ ಕೋಟೆ ಬಾಕಿ ಇತ್ತು. ಒಂದು ಸಲ ನನಗೂ ಕೊಡು ಎಂದು ಕೇಳಿದೆ. "ನಿನ್ನ ಕೈ ಇನ್ನೂ ಪಳಗ್ಲಿಲ್ಲ. ಮೊದಲು ಬೀಡಿ ಸರಿ ಕಟ್ಟು" ಅಂದಳು. ಹಿಂದಿನ ದಿನವಷ್ಟೇ ಬೀಡಿ ಡಿಪೋದಿಂದ ನನ್ನ ಕಟ್ಟು ಸಡಿಲ ಎಂದು ವಾಪಸು ಬಂದಿತ್ತು, ಅಮ್ಮ ಬೈದಿದ್ದಳು. ಅಕ್ಕ ಸ್ನಾನಕ್ಕೆ ಹೋದಳು. ನಾನು ಎದ್ದು ಗೋಡೆಯ ಸ್ವಿಚ್ ಆರಿಸಿದೆ. ಪೆಟ್ಟಿಗೆಯ ಕೆಂಪು ದೀಪ ಹೋಯಿತು. ಪುನಃ ಹಾಕಿದೆ.

ಅಕ್ಕ ಬಂದು ಟಿವಿ ಹಾಕಿದಾಗ ಆ ಆಳು ಮೊದಲ ಹೊಂಡದ ಮುಂದೆ ನಿಂತಿದ್ದ. ಕರೆಂಟು ಹೋಗಿ ಬಂತು ಎಂದೆ. ಎಷ್ಟು ಹೊತ್ತು ಎಂದು ಕೇಳಿದಳು. ಒಂದೇ ನಿಮಿಷ ಅಂದೆ.

ಅವಳು ಅಳಲಿಲ್ಲ, ಕರೆಂಟಿನವರಿಗೆ ಶಾಪ ಹಾಕಲಿಲ್ಲ. ಮರುದಿನ ಬೀಡಿ ಕೊಟ್ಟು ಬರುವಾಗ ಪೇಟೆಯ ರೇಡಿಯೋ ರಿಪೇರಿಯವರ ಮುಂದೆ ನಿಂತು, ಒಂದು ನಿಮಿಷ ತಡೆಯುವಂಥದ್ದು ಎಂತಾದರೂ ಉಂಟಾ ಎಂದು ಕೇಳಿದಳಂತೆ. ಅವರು ನಕ್ಕರು. ಅವಳು ವಾರವಿಡೀ ಹೋಗಿ ನಿಂತಳು. ಕೊನೆಗೆ ಅವರು ಬೆಸುಗೆ ಹಾಕುವ ಕಡ್ಡಿಯನ್ನೇ ಅವಳ ಕೈಗೆ ಕೊಟ್ಟರು. ಆರು ಟಾರ್ಚ್ ಸೆಲ್ಲುಗಳನ್ನು ಬೀಡಿ ನೂಲಿನಿಂದ ಬಿಗಿದು, ವಯರು ಬೆಸೆದು, ಪೆಟ್ಟಿಗೆಯ ಹಿಂದೆ ಜೋಡಿಸಿದಳು. ಮತ್ತೆ ನನ್ನನ್ನು ಹತ್ತಿರ ಕರೆದು, ತಾನೇ ಪ್ಲಗ್ ಕಿತ್ತಳು. ಕೆಂಪು ದೀಪ ಒಂದು ಸಲ ಮಿಣುಕಲೂ ಇಲ್ಲ, ಹಾಗೆಯೇ ಉರಿಯಿತು.

"ಇನ್ನು ಹೋಗ್ಲಿ, ನೋಡುವ" ಅಂದಳು.

ನನ್ನ ಅಕ್ಕ ಕರೆಂಟಿಗೇ ಸವಾಲು ಹಾಕಿದ್ದಳು. ಆ ಕ್ಷಣದಲ್ಲಿ ನನಗೆ ಅವಳ ಮೇಲೆ ಭಯವೂ ಭಕ್ತಿಯೂ ಒಟ್ಟಿಗೇ ಹುಟ್ಟಿದವು. ನಾನು ಮೊರ ಎಳೆದುಕೊಂಡು ಬೀಡಿ ಕಟ್ಟಲು ಕೂತೆ.

ಆಟ ಅವಳು ಮುಗಿಸಿದಳು. ಕೊನೆಯಲ್ಲಿ ಬಂದದ್ದು ಇಂಗ್ಲಿಷಿನ ಎರಡು ಸಾಲು. ತಡವರಿಸಿ ಓದಿದೆವು, ಅರ್ಥ ಇಬ್ಬರಿಗೂ ಆಗಲಿಲ್ಲ. ಅವಳಿಗೆ ಅದರ ಚಿಂತೆಯೂ ಇರಲಿಲ್ಲ, ಅವಳ ಮನಸ್ಸು ಆಗಲೇ ಸೆಲ್ಲು, ವಯರುಗಳ ಕಡೆ ಹೋಗಿತ್ತು. ರಿಪೇರಿಯವರ ಹತ್ತಿರ ಐದು ವರ್ಷ ಕಲಿತು, ಸುಳ್ಯದಲ್ಲಿ ಸ್ವಂತ ಅಂಗಡಿ ಇಟ್ಟಳು. ಹೆಂಗಸಿಗೆ ಇದೆಲ್ಲ ಹೇಗೆ ಹಿಡಿಸಿತು ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಕಥೆ. "ಅವತ್ತು ಒಂದು ನಿಮಿಷ ಕರೆಂಟ್ ಹೋಯ್ತು ನೋಡಿ, ಅದೇ ನನ್ನ ಗುರು. ಬೇಕಾದ್ರೆ ಕೇಳಿ, ತಂಗಿ ಪುಷ್ಪ ಇದ್ದಳು." ನಾನು ತಲೆಯಾಡಿಸುತ್ತಿದ್ದೆ. ನನಗೆ ಮದುವೆಯಾಗಿ ಈಶ್ವರಮಂಗಲಕ್ಕೆ ಹೊರಟ ದಿನ ಹೇಳಿಬಿಡೋಣ ಎಂದು, "ಅಕ್ಕ, ಅವತ್ತಿನ ಕರೆಂಟು..." ಎಂದು ಬಾಯಿ ತೆರೆದೆ. "ಹೌದು ಮಾರಾಯ್ತಿ, ಅದಕ್ಕೊಂದು ಹಾರ ಹಾಕ್ಬೇಕಿತ್ತು" ಎಂದು ನಕ್ಕಳು. ಕಥೆ ಬೆಳೆದಷ್ಟೂ ನನ್ನ ಬಾಯಿ ಮುಚ್ಚುತ್ತಾ ಹೋಯಿತು.

ಹೋದ ವರ್ಷ ಪುತ್ತೂರಿನ ಆಸ್ಪತ್ರೆಯಲ್ಲಿ ಅವಳು ಮಲಗಿದ್ದಳು. ಇನ್ನು ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಸಂಜೆ ನರ್ಸಿಗೂ ಅದೇ ಕಥೆ ಹೇಳಿದಳು, ಉಸಿರು ಸಾಲದೆ ಎರಡು ಕಡೆ ನಿಲ್ಲಿಸಿ. ನರ್ಸ್ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ.

"ಅಕ್ಕ, ಅವತ್ತು ಕರೆಂಟ್ ಹೋಗ್ಲಿಲ್ಲ. ಸ್ವಿಚ್ ಆರಿಸಿದ್ದು ನಾನು."

ಅವಳು ನನ್ನ ಕಡೆ ತಿರುಗಿದಳು.

"ಎಂತಕ್ಕೆ?"

"ಹೊಟ್ಟೆಕಿಚ್ಚು."

"ನಿನಗೂ ಒಂದು ಆಟ ಕೊಡ್ಬೇಕಿತ್ತು ನಾನು" ಅಂದಳು. ಮತ್ತೆ ನನ್ನ ಕೈ ಹತ್ತಿರಕ್ಕೆ ಎಳೆದು, "ಇದನ್ನು ಬೇರೆ ಯಾರತ್ರವೂ ಹೇಳ್ಬೇಡ ಆಯ್ತಾ. ನನ್ನ ಕಥೆ ಹಾಳಾಗ್ತದೆ" ಅಂದಳು.

ಆಯ್ತು ಅಂದೆ. ನಾಲ್ಕನೆಯ ದಿನ ಅವಳು ಹೋದಳು. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಬಂದವರೆಲ್ಲ ಆ ಕಥೆಯನ್ನೇ ಹೇಳಿಕೊಂಡರು, ನಾನು ಬಡಿಸುತ್ತಾ ತಲೆಯಾಡಿಸಿದೆ. ಇವತ್ತು ಬರೆದುಬಿಟ್ಟೆ. ಅವಳಿಗೆ ಕೊಟ್ಟ ಮಾತನ್ನೂ ನಾನು ಉಳಿಸಿಕೊಳ್ಳಲಿಲ್ಲ. ಗೊತ್ತಾಗಿದ್ದರೆ ಸರಿಯಾಗಿ ಬೈಯುತ್ತಿದ್ದಳು. ಬೈಯಲು ಅವಳಿಲ್ಲ.